ಸೊಂಟದ ಕೀಲಿಗೆ ‘ಅರ್ಧ ಬಾಲ್’: ವರ್ಷಗಳು ಕಳೆದ ಮೇಲೆ ಏನಾಗುತ್ತದೆ?

ರೋಗಿಗಳು ಹಾಗೂ ಅವರ ಬಂಧುಗಳ ಗಮನಕ್ಕೆ

ನನ್ನಿವಾಳ, ನಾಯಕನಹಟ್ಟಿ, ತಳಕು, ಮೊಳಕಾಲ್ಮೂರು ಕಡೆಯ ಹಳ್ಳಿಗಳಿಂದ ಸೊಂಟದ ನೋವೆಂದು ಆಸ್ಪತ್ರೆಗೆ ಬರುವ ಹಿರಿಯರಲ್ಲಿ ಎರಡು ಬಗೆಯವರಿರುತ್ತಾರೆ. ಬಚ್ಚಲಲ್ಲಿ ಜಾರಿಯೋ, ಹೊಸಲು ಎಡವಿಯೋ ಬಿದ್ದು ಸೊಂಟ ಮುರಿದುಕೊಂಡು ಮಂಚದ ಮೇಲೆಯೇ ಬರುವವರು ಮೊದಲನೆಯವರು. ವರ್ಷಗಟ್ಟಲೆ ಕೀಲುಸವೆತದಿಂದ ನರಳಿ, ಮಾತ್ರೆ ನುಂಗಿ ನುಂಗಿ ಸಾಕಾಗಿ, ಕುಂಟುತ್ತ ನಡೆದೇ ಬರುವವರು ಎರಡನೆಯವರು. ಈ ಎರಡನೆಯವರು ಒಂದು ಮಾತನ್ನು ತಪ್ಪದೆ ಕೇಳುತ್ತಾರೆ: “ನಮ್ಮೂರಲ್ಲಿ ಒಬ್ಬ ಅಜ್ಜಿಗೆ ಬಾಲ್ ಹಾಕಿದ್ರು ಸಾರ್, ಈಗ ಚೆನ್ನಾಗಿ ಓಡಾಡ್ತಾಳೆ. ನನಗೂ ಅದನ್ನೇ ಹಾಕಿಬಿಡಿ. ಪೂರ್ತಿ ಯಾಕೆ, ಅರ್ಧ ಸಾಕು, ಖರ್ಚೂ ಕಡಿಮೆಯಂತೆ.”

ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಆ ಅಜ್ಜಿಗೆ ಆಗಿದ್ದೇ ಬೇರೆ, ಇವರಿಗೆ ಆಗಿರುವುದೇ ಬೇರೆ. ಇದನ್ನು ತಿಳಿಯದೆ ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಯಿಂದ ಎರಡು ಮೂರು ವರ್ಷದಲ್ಲಿ ನೋವು ಮರಳಿ ಬಂದು, ಮತ್ತೊಮ್ಮೆ ಆಪರೇಷನ್ ಬಲ್ಲೆಯ ಮೇಲೆ ಮಲಗಬೇಕಾಗಬಹುದು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯಲಾಗಿದೆ. ರೋಗಿಗೆ ಓದಲಾಗದಿದ್ದರೆ ಜೊತೆಗೆ ಬಂದವರು ಓದಿ ಹೇಳಬೇಕಾಗಿ ಕೋರಿಕೆ.

ಒರಳು ಮತ್ತು ಗುಂಡು

ಸೊಂಟದ ಕೀಲನ್ನು ತಿಳಿಯಲು ಮನೆಯ ರುಬ್ಬುವ ಕಲ್ಲನ್ನು ನೆನಪಿಸಿಕೊಂಡರೆ ಸಾಕು. ಒರಳಿನ ಗುಳಿಯಲ್ಲಿ ಗುಂಡು ತಿರುಗುವಂತೆ, ಸೊಂಟದ ಮೂಳೆಯಲ್ಲಿರುವ ಬಟ್ಟಲಿನಂಥ ಗುಳಿಯೊಳಗೆ ತೊಡೆಮೂಳೆಯ ಗುಂಡನೆಯ ತಲೆ ತಿರುಗುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಕಲ್ಲಿಗೆ ಕಲ್ಲು ತಾಗುವುದಿಲ್ಲ. ಗುಂಡಿನ ಮೇಲೂ ಬಟ್ಟಲಿನ ಒಳಗೂ ನುಣುಪಾದ ಮೆದುಮೂಳೆಯ ಪದರವಿದೆ. ಎಳನೀರಿನ ಒಳಗಿನ ಗಂಜಿಯಂತೆ ಬೆಳ್ಳಗೆ ಹೊಳೆಯುವ ಈ ಪದರ ಇರುವವರೆಗೆ ಕೀಲು ಸದ್ದಿಲ್ಲದೆ, ನೋವಿಲ್ಲದೆ ಆಡುತ್ತದೆ.

ಗುಂಡಿನ ಕೆಳಗೆ ಸಣ್ಣ ಕುತ್ತಿಗೆಯಂಥ ಭಾಗವಿದೆ. ವಯಸ್ಸಾದವರು ಬಿದ್ದಾಗ ಹೆಚ್ಚಾಗಿ ಮುರಿಯುವ ಜಾಗಗಳಲ್ಲಿ ಇದೂ ಒಂದು. ಗುಂಡಿಗೆ ರಕ್ತ ಹೋಗುವ ಸಣ್ಣ ನಾಳಗಳು ಬಹುಪಾಲು ಈ ಕುತ್ತಿಗೆಯನ್ನು ಹಿಡಿದುಕೊಂಡೇ ಮೇಲೇರುತ್ತವೆ. ಕುತ್ತಿಗೆ ಮುರಿದು ಜರುಗಿದರೆ ಆ ನಾಳಗಳೂ ಹರಿಯುತ್ತವೆ. ಗುಂಡು ಆಗ ನೀರು ಕಡಿದ ಗಿಡದಂತೆ. ಎಳೆಯರಾದರೆ ಸ್ಕ್ರೂ ಹಾಕಿ ಕೂಡಿಸಲು ಪ್ರಯತ್ನಿಸುತ್ತಾರೆ. 70 ದಾಟಿದವರಲ್ಲಿ ಅದು ಕೂಡುವ ಭರವಸೆ ಕಡಿಮೆ. ಅದಕ್ಕಾಗಿ ಸತ್ತ ಗುಂಡನ್ನು ತೆಗೆದು ಲೋಹದ ಗುಂಡನ್ನು ಕೂರಿಸುತ್ತಾರೆ. ಬಟ್ಟಲು ಅವರದ್ದೇ, ಹಾಗೆಯೇ ಉಳಿಯುತ್ತದೆ. ಇದೇ ‘ಅರ್ಧ ಕೀಲು ಬದಲಾವಣೆ’, ವೈದ್ಯರ ಮಾತಿನಲ್ಲಿ ಹೆಮಿ ಆರ್ಥ್ರೋಪ್ಲಾಸ್ಟಿ. ಬಟ್ಟಲನ್ನೂ ಬದಲಿಸಿದರೆ ಅದು ‘ಪೂರ್ಣ ಕೀಲು ಬದಲಾವಣೆ’.

ಮುರಿದ ಸೊಂಟದಲ್ಲಿ ಗುಂಡು ಹಾಳಾಗಿರುತ್ತದೆ, ಬಟ್ಟಲು ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಕೀಲುಸವೆತದಲ್ಲಿ ಹಾಗಲ್ಲ. ಗುಂಡಿನ ಪದರವೂ ಹೋಗಿರುತ್ತದೆ, ಬಟ್ಟಲಿನ ಪದರವೂ ಹೋಗಿರುತ್ತದೆ. ಒರಳು ತೂತು ಬಿದ್ದಿರುವಾಗ ಹೊಸ ಗುಂಡು ತಂದು ಏನು ಪ್ರಯೋಜನ? ಲೋಹದ ಗುಂಡು ಬರಿಯ ಮೂಳೆಯ ಮೇಲೆ ಉಜ್ಜುತ್ತದೆ. ತೊಡೆಸಂದಿನ ನೋವು ಹೋಗುವುದಿಲ್ಲ. ಹೋದರೂ ಬೇಗ ಮರಳುತ್ತದೆ. ಈ ಕಾರಣಕ್ಕೆ ಕೀಲುಸವೆತಕ್ಕೆ ಅರ್ಧ ಬದಲಾವಣೆಯನ್ನು ಈಗ ವೈದ್ಯರು ಸಲಹೆ ಮಾಡುವುದಿಲ್ಲ.

ಹಿಂದೆ ಮಾಡಿ ನೋಡಿದ್ದಾರೆಯೇ?

ಮಾಡಿದ್ದಾರೆ. ಅದರ ಫಲಿತಾಂಶ ನೋಡಿಯೇ ಬಿಟ್ಟಿದ್ದಾರೆ. ಅಮೆರಿಕದ ಆಸ್ಟಿನ್ ಮೂರ್ ಮತ್ತು ಹೆರಾಲ್ಡ್ ಬೋಲ್ಮನ್ ಎಂಬ ವೈದ್ಯರು 1940ರಲ್ಲಿ ಮೂಳೆಗಡ್ಡೆಯಾಗಿದ್ದ ಒಬ್ಬ ರೋಗಿಗೆ ತೊಡೆಮೂಳೆಯ ಮೇಲ್ಭಾಗದ ಬದಲು ಲೋಹದ ಭಾಗವನ್ನು ಕೂರಿಸಿದರು. ನಮ್ಮ ಜಿಲ್ಲೆಯ ಎಷ್ಟೋ ಹಿರಿಯರ ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಎ.ಎಂ.ಪಿ.’ ಎಂದು ಬರೆದಿರುವುದು ಅದೇ ಆಸ್ಟಿನ್ ಮೂರ್ ಹೆಸರಿನ ಗುಂಡು. ಆ ಕಾಲದಲ್ಲಿ ಪೂರ್ಣ ಕೀಲು ಇನ್ನೂ ಬಂದಿರಲಿಲ್ಲವಾದ್ದರಿಂದ ಕೀಲುಸವೆತದವರಿಗೂ ಬರಿ ಗುಂಡು ಹಾಕುವ ಪ್ರಯತ್ನಗಳು ನಡೆದವು. ನಲವತ್ತರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ಜುಡೆ ಸಹೋದರರು ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್ಕಿನ ಗುಂಡು ಮಾಡಿ ಹಾಕಿದರು. ಮೊದಲು ಚೆನ್ನಾಗಿಯೇ ಕಂಡಿತು; ಕೆಲವು ವರ್ಷಗಳಲ್ಲಿ ಗುಂಡುಗಳು ಸವೆದು, ಮುರಿದು, ಸಡಿಲವಾದವು.

1962ರಲ್ಲಿ ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ ಎಂಬ ವೈದ್ಯರು ಗುಂಡಿಗೆ ಲೋಹ, ಬಟ್ಟಲಿಗೆ ಗಟ್ಟಿ ಪಾಲಿಥೀನ್, ಎರಡನ್ನೂ ಹಿಡಿದಿಡಲು ಮೂಳೆ ಸಿಮೆಂಟು ಬಳಸಿ ಪೂರ್ಣ ಕೀಲನ್ನು ಕೂರಿಸಿದರು. ಕೀಲುಸವೆತದ ಚಿಕಿತ್ಸೆಯ ದಿಕ್ಕು ಬದಲಾದದ್ದು ಅಲ್ಲಿಂದ. ಆಮೇಲೆ 1974ರ ಸುಮಾರಿಗೆ ‘ಬೈಪೋಲಾರ್’ ಬಂತು. ಇದರಲ್ಲಿ ಸಣ್ಣ ಗುಂಡೊಂದು ದೊಡ್ಡ ಗುಂಡಿನೊಳಗೆ ತಿರುಗುತ್ತದೆ, ನಡುವೆ ಪ್ಲಾಸ್ಟಿಕ್ ಇರುತ್ತದೆ. ಚಲನೆ ಒಳಗೇ ಹಂಚಿಹೋದರೆ ರೋಗಿಯ ಸ್ವಂತ ಬಟ್ಟಲು ಸವೆಯುವುದು ತಪ್ಪುತ್ತದೆ ಎಂಬ ಲೆಕ್ಕ. ಅದನ್ನು ನಂಬಿ ಎಂಬತ್ತರ ದಶಕದಲ್ಲಿ ಕೀಲುಸವೆತಕ್ಕೂ ಬೈಪೋಲಾರ್ ಹಾಕಿ ನೋಡಿದರು. ಪೂರ್ಣ ಕೀಲಿನವರಿಗೆ ಹೋಲಿಸಿದರೆ ಇವರಲ್ಲಿ ತೊಡೆಸಂದಿನ ನೋವು ಹೆಚ್ಚಾಗಿ ಉಳಿಯಿತು. ಕೆಲವರಲ್ಲಿ ಗುಂಡು ಬಟ್ಟಲನ್ನು ಕೊರೆಯುತ್ತ ಒಳಕ್ಕೆ ಸರಿಯಿತು. ಅದೂ ಅಲ್ಲದೆ ವರ್ಷಗಳು ಕಳೆದಂತೆ ಒಳಗಿನ ಚಲನೆ ಕಡಿಮೆಯಾಗಿ, ಎರಡು ಗುಂಡೂ ಒಂದೇ ಗುಂಡಿನಂತೆ ವರ್ತಿಸುವುದು ಬಹಳ ಜನರಲ್ಲಿ ಕಂಡುಬಂತು. ಹೆಚ್ಚು ಬೆಲೆಯ ಬೈಪೋಲಾರ್ ಹಾಕಿಸಿದ್ದೇವೆ, ಇನ್ನೇನೂ ಆಗದು ಎಂದು ನೆಮ್ಮದಿಯಿಂದಿರುವವರು ಇದನ್ನು ತಿಳಿದಿರಬೇಕು.

ಸಂಧಿವಾತದಲ್ಲಿ, ಅಂದರೆ ಬೆಳಿಗ್ಗೆ ಎದ್ದಾಗ ಕೈಬೆರಳು, ಮಣಿಕಟ್ಟು, ಮೊಣಕಾಲು ಎಲ್ಲವೂ ಊದಿ ಬಿಗಿಯುವ ರುಮಟಾಯ್ಡ್ ಕಾಯಿಲೆಯಲ್ಲಿ, ಅರ್ಧ ಗುಂಡು ಇನ್ನೂ ಕೆಟ್ಟದ್ದು. ಆ ಕಾಯಿಲೆಯಲ್ಲಿ ಬಟ್ಟಲಿನ ಮೂಳೆ ಮೊದಲೇ ಮೆತ್ತಗಾಗಿರುತ್ತದೆ. ಲೋಹದ ಗುಂಡು ಅದನ್ನು ತಳ್ಳಿಕೊಂಡು ಒಳಗೆ ಹೋಗುತ್ತದೆ. ಇಂಥವರು ಸೊಂಟ ಮುರಿದುಕೊಂಡು ಬಂದರೂ, ದೇಹ ತಡೆಯುವುದಾದರೆ ಪೂರ್ಣ ಕೀಲನ್ನೇ ಯೋಚಿಸಬೇಕಾಗುತ್ತದೆ.

ಮುರಿತಕ್ಕೆ ಅರ್ಧ ಗುಂಡು ಹಾಕಿಸಿಕೊಂಡವರು

ಇವರಿಗೆ ಹೆದರಿಕೆ ಬೇಡ. ವಯಸ್ಸಾದ, ಮನೆಯ ಸುತ್ತಮುತ್ತ ಓಡಾಡುವ ಹಿರಿಯರಿಗೆ ಅರ್ಧ ಗುಂಡು ಒಳ್ಳೆಯ ಚಿಕಿತ್ಸೆ. ಬಹುಪಾಲು ಹಿರಿಯರಿಗೆ ಅದು ಅವರಿರುವವರೆಗೂ ಬಾಳುತ್ತದೆ. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 10 ದೇಶಗಳ ಸುಮಾರು 1,500 ಸೊಂಟ ಮುರಿದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅರ್ಧ, ಇನ್ನೊಂದಕ್ಕೆ ಪೂರ್ಣ ಕೀಲು ಹಾಕಿ ಎರಡು ವರ್ಷ ನೋಡಿದರು. ಎರಡು ಗುಂಪಿನಲ್ಲೂ ಮತ್ತೆ ಆಪರೇಷನ್ ಬೇಕಾದವರು ನೂರಕ್ಕೆ ಸುಮಾರು 8 ಮಂದಿ, ಹೆಚ್ಚು ಕಡಿಮೆ ಸಮ. ಪೂರ್ಣ ಕೀಲಿನವರ ನಡಿಗೆ ಸ್ವಲ್ಪ ಮೇಲು. ಆದರೆ ಕೀಲು ಜಾರುವುದು, ಅಂದರೆ ಗುಂಡು ಬಟ್ಟಲಿನಿಂದ ಹೊರಬೀಳುವುದು, ಅವರಲ್ಲಿಯೇ ಹೆಚ್ಚು: ಪೂರ್ಣ ಕೀಲಿನಲ್ಲಿ ನೂರಕ್ಕೆ 4.7, ಅರ್ಧ ಕೀಲಿನಲ್ಲಿ 2.4. ಹಾಗಾಗಿ “ಪೂರ್ತಿ ಹಾಕಲಿಲ್ಲ, ನಮಗೆ ಮೋಸವಾಯಿತು” ಎಂದು 80 ವರ್ಷದ ಅಜ್ಜನ ಮಕ್ಕಳು ಕೊರಗಬೇಕಾಗಿಲ್ಲ. ಎರಡು ವರ್ಷ ಮೀರಿ ಮುಂದಿನ ಹತ್ತು, ಹದಿನೈದು ವರ್ಷದ ಮಾತು ಬಂದಾಗ ವಯಸ್ಸು ಮತ್ತು ಓಡಾಟವೇ ಲೆಕ್ಕ. 60ರ ಆಸುಪಾಸಿನಲ್ಲಿದ್ದು ಈಗಲೂ ಹೊಲಕ್ಕೆ ಹೋಗಿ ಕಡಲೆಕಾಯಿ ಗಿಡ ಕೀಳುವ, ಕುರಿ ಹಿಂದೆ ಮೈಲಿಗಟ್ಟಲೆ ಅಡ್ಡಾಡುವ ಗಟ್ಟಿ ಆಳಿಗೆ ಅರ್ಧ ಗುಂಡು ಹಾಕಿದರೆ ಬಟ್ಟಲು ಸವೆಯುವ ಸಂಭವ ಹೆಚ್ಚು. ಇಂಥವರ ಮುರಿತಕ್ಕೆ ಮೊದಲೇ ಪೂರ್ಣ ಕೀಲು ಹಾಕಬಹುದೇ ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ.

ವರ್ಷಗಳ ಮೇಲೆ ಬರುವ ತೊಂದರೆಗಳಲ್ಲಿ ನಾಲ್ಕು ಮುಖ್ಯ. ಮೊದಲನೆಯದು ಈಗ ಹೇಳಿದ ಬಟ್ಟಲಿನ ಸವೆತ. ನೋವು ತೊಡೆಸಂದಿನಲ್ಲಿ, ಮುಂಭಾಗದಲ್ಲಿ ಬರುತ್ತದೆ, ನಡೆದಷ್ಟೂ ಹೆಚ್ಚುತ್ತದೆ. ಎರಡನೆಯದು ಗುಂಡಿನ ಕಾಂಡ ಸಡಿಲವಾಗುವುದು. ಇದರ ನೋವು ತೊಡೆಯ ನಡುವೆ. ಕುಳಿತು ಎದ್ದಾಗ ಮೊದಲ ನಾಲ್ಕು ಹೆಜ್ಜೆ ಚುಚ್ಚಿ, ಆಮೇಲೆ ಸ್ವಲ್ಪ ಸಡಿಲುವುದು ಇದರ ಗುರುತು. ಸಿಮೆಂಟಿಲ್ಲದೆ ಕೂರಿಸಿದ ಹಳೆಯ ಆಸ್ಟಿನ್ ಮೂರ್ ಗುಂಡುಗಳಲ್ಲಿ ಇದು ಹೆಚ್ಚು, ಏಕೆಂದರೆ ವಯಸ್ಸಾದವರ ತೊಡೆಮೂಳೆಯ ಒಳಗಿನ ಟೊಳ್ಳು ಅಗಲವಾಗಿರುತ್ತದೆ, ಕಾಂಡಕ್ಕೆ ಬಿಗಿ ಸಿಗುವುದಿಲ್ಲ. ಕೊಡಲಿ ಕಾವು ಸಡಿಲವಾದರೆ ಬೆಣೆ ಹೊಡೆಯುತ್ತೇವಲ್ಲ, ಇಲ್ಲಿ ಸಿಮೆಂಟು ಆ ಕೆಲಸ ಮಾಡುತ್ತದೆ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 60 ದಾಟಿದ ಸುಮಾರು 1,200 ರೋಗಿಗಳನ್ನು ನೋಡಿದಾಗ ಸಿಮೆಂಟು ಹಾಕಿದವರ ಚೇತರಿಕೆ ಮೇಲಾಗಿತ್ತು. ಕಾಂಡದ ಸುತ್ತ ಮೂಳೆ ಸೀಳುವುದು ಸಿಮೆಂಟು ಹಾಕಿದವರಲ್ಲಿ ನೂರಕ್ಕೆ 0.5, ಹಾಕದವರಲ್ಲಿ 2.1. ಎದೆ, ಶ್ವಾಸಕೋಶ ತೀರಾ ದುರ್ಬಲವಾದವರಿಗೆ ಸಿಮೆಂಟು ಬೇಡವೆಂದು ಅರಿವಳಿಕೆ ವೈದ್ಯರು ಹೇಳುವುದುಂಟು. ಆ ನಿರ್ಧಾರ ಅವರಿಗೆ ಬಿಟ್ಟದ್ದು.

ಮೂರನೆಯದು ಹೊಸದಾಗಿ ಬಿದ್ದು ಲೋಹದ ಕೆಳಗಿನ ಮೂಳೆ ಮುರಿಯುವುದು. ನಾಲ್ಕನೆಯದು ಕೀವು. ಕೀವು ಆಪರೇಷನ್ ಆದ ತಿಂಗಳಲ್ಲೇ ಬರಬೇಕೆಂದಿಲ್ಲ. ವರ್ಷಗಳ ನಂತರವೂ ಹುಳುಕು ಹಲ್ಲು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಮೂತ್ರದ ಸೋಂಕು ಇವುಗಳಿಂದ ರಕ್ತದ ಮೂಲಕ ಲೋಹಕ್ಕೆ ಅಂಟಬಹುದು. ನೋವಿನ ಜೊತೆ ಜ್ವರ, ಗಾಯದ ಜಾಗದಲ್ಲಿ ಕೆಂಪು, ನೀರು ಅಥವಾ ಕೀವು ಒಸರುವುದು ಕಂಡರೆ ಅಂಗಡಿಯಿಂದ ಆ್ಯಂಟಿಬಯಾಟಿಕ್ ಮಾತ್ರೆ ತಂದು ನುಂಗಬೇಡಿ. ಅದು ಕೀವನ್ನು ವಾಸಿ ಮಾಡುವುದಿಲ್ಲ, ಪರೀಕ್ಷೆಯಲ್ಲಿ ಯಾವ ಕ್ರಿಮಿ ಎಂದು ತಿಳಿಯದಂತೆ ಮಾಡುತ್ತದೆ ಅಷ್ಟೆ.

ಅರ್ಧ ಗುಂಡು ಸವೆಸಿದ ಬಟ್ಟಲನ್ನು ಮುಂದೆ ಪೂರ್ಣ ಕೀಲಾಗಿ ಬದಲಿಸಬಹುದು. ಆದರೆ ಎರಡನೆಯ ಆಪರೇಷನ್ ಮೊದಲಿನದರಷ್ಟು ಸುಲಭವಲ್ಲ: ರಕ್ತ ಹೆಚ್ಚು ಬೇಕು, ಸಮಯ ಹೆಚ್ಚು ಬೇಕು, ಕೀಲು ಜಾರುವ ಭಯ ಹೆಚ್ಚು. ಕೀಲುಸವೆತದವರಿಗೆ “ಈಗ ಅರ್ಧ ಹಾಕಿಸೋಣ, ಆಮೇಲೆ ನೋಡೋಣ” ಎಂಬ ಲೆಕ್ಕಾಚಾರ ಉಳಿತಾಯವಲ್ಲ ಎನ್ನುವುದಕ್ಕೆ ಇದೇ ಕಾರಣ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಒತ್ತಿ ಹೇಳಬೇಕು. ಸೊಂಟ ಮುರಿದ ಹಿರಿಯರಿಗೆ ದೊಡ್ಡ ಅಪಾಯ ಗುಂಡಿನ ಸವೆತವಲ್ಲ, ಮಂಚ. ಲೋಕದ ಅಂಕಿ ಅಂಶ ನೋಡಿದರೆ ಸೊಂಟ ಮುರಿದ ನೂರು ಹಿರಿಯರಲ್ಲಿ ಸುಮಾರು 20ರಿಂದ 30 ಮಂದಿ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಮಲಗಿದಲ್ಲೇ ಹಾಸಿಗೆ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಇವು ಅವರನ್ನು ಕೊಂಡೊಯ್ಯುತ್ತವೆ. ಹಾಗಾಗಿ ಬಿದ್ದವರನ್ನು ಎರಡು ದಿನದೊಳಗೆ ಆಪರೇಷನ್ ಮಾಡಿ, ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಬೇಕೆಂಬುದು ಈಗಿನ ಪದ್ಧತಿ. ನಮ್ಮ ಕಡೆ ಏನಾಗುತ್ತದೆ? ಮೊದಲು ಎಣ್ಣೆ ತಿಕ್ಕುತ್ತಾರೆ. ಆಮೇಲೆ ನಾಟಿ ಕಟ್ಟು. ಮೂರು ಕಟ್ಟು ಮುಗಿಯುವ ಹೊತ್ತಿಗೆ ಬೆನ್ನ ಕೆಳಗೆ ಅಂಗೈ ಅಗಲದ ಹುಣ್ಣು. “ವಯಸ್ಸಾಯ್ತು, ಆಪರೇಷನ್ ತಡೆಯಲ್ಲ” ಎನ್ನುವುದೂ ಇದೆ. ಬಿದ್ದ ಮೇಲೆ ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ, ಕಾಲೆತ್ತಲು ಆಗದಿದ್ದರೆ ಅದು ಉಳುಕಲ್ಲ. ಅದೇ ದಿನ ಎಕ್ಸ್‌ರೇ ಆಗಬೇಕು.

ನಮ್ಮ ನಾಡಿನ ಸೊಂಟಗಳು

ಸೊಂಟದ ಸವೆತ ಎಲ್ಲರಿಗೂ ಒಂದೇ ಕಾರಣಕ್ಕೆ ಬರುವುದಿಲ್ಲ. ಕರ್ನಾಟಕದಲ್ಲಿಯೇ ಇದಕ್ಕೊಂದು ದೊಡ್ಡ ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ನಡುವಿನಲ್ಲಿ, ಎಳೆಯ ವಯಸ್ಸಿನವರೇ ಸೊಂಟ ಹಿಡಿದುಕೊಂಡು ಕುಂಟುವ ಕಾಯಿಲೆ ಬೆಳಕಿಗೆ ಬಂತು. ಮೊದಮೊದಲು ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೂಲಕ ಊಟಕ್ಕೆ ಸೇರಿ ಹೀಗಾಗಿದೆ ಎಂಬ ಶಂಕೆ ಇತ್ತು. ಮುಂದಿನ ಸಂಶೋಧನೆಗಳಲ್ಲಿ ಇದು ಕೆಲವು ಕುಟುಂಬಗಳಲ್ಲಿ ತಂದೆತಾಯಿಯಿಂದ ಮಕ್ಕಳಿಗೆ ಬರುವ ಮೂಳೆ ಬೆಳವಣಿಗೆಯ ದೋಷ ಎಂದು ತಿಳಿಯಿತು. ಬಡ ಕೂಲಿ ಕುಟುಂಬಗಳೇ ಇದಕ್ಕೆ ಹೆಚ್ಚು ತುತ್ತಾದವು. ಹಂದಿಗೋಡು ಕಾಯಿಲೆಯಲ್ಲಿ ಗುಂಡು ಮತ್ತು ಬಟ್ಟಲು ಎರಡೂ ಕೆಡುತ್ತವೆಯಾದ್ದರಿಂದ ಅಲ್ಲಿಯೂ ಅರ್ಧ ಗುಂಡು ಉತ್ತರವಲ್ಲ. ಒಂದೇ ಮನೆಯಲ್ಲಿ ಎರಡು ತಲೆಮಾರಿನವರು ಚಿಕ್ಕ ವಯಸ್ಸಿಗೇ ಕುಂಟುತ್ತಿದ್ದರೆ ವೈದ್ಯರಿಗೆ ಅದನ್ನು ತಪ್ಪದೆ ಹೇಳಿ.

ಚಿತ್ರದುರ್ಗ ಜಿಲ್ಲೆಯ ನಮ್ಮ ಬಯಲಿನ ಕಾರಣ ಬೇರೆ. ಇಲ್ಲಿ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳು ಬಹಳ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಕುಡಿದವರಲ್ಲಿ ಬೆನ್ನು, ಕುತ್ತಿಗೆ, ಸೊಂಟ ಬಿಗಿದುಕೊಳ್ಳುತ್ತವೆ. ಎಕ್ಸ್‌ರೇಯಲ್ಲಿ ಮೂಳೆ ಬೆಳ್ಳಗೆ ದಟ್ಟವಾಗಿ ಕಾಣುತ್ತದೆ. ನೋಡಲು ಗಟ್ಟಿ, ಆದರೆ ಸುಲಭವಾಗಿ ಬಿರಿಯುವಂಥದ್ದು. ಇಂಥವರ ನೋವು ಕೀಲಿನದೋ, ಬೆನ್ನಿನ ನರದ್ದೋ ಎಂದು ಮೊದಲು ಬೇರ್ಪಡಿಸಬೇಕು. ಬೆನ್ನಿನ ನೋವಿಗೆ ಸೊಂಟದ ಕೀಲು ಬದಲಿಸಿದರೆ ನೋವು ಹಾಗೆಯೇ ಉಳಿಯುತ್ತದೆ.

ಇನ್ನು 30, 40ರ ವಯಸ್ಸಿನ ಗಂಡಸರು. ಇವರಲ್ಲಿ ಹೆಚ್ಚಾಗಿ ಕಾಣುವುದು ಗುಂಡಿಗೆ ರಕ್ತ ಕಡಿಮೆಯಾಗಿ ಅದು ಸಾಯುವ ಕಾಯಿಲೆ. ಕಾರಣ ಸಾರಾಯಿ ಅಥವಾ ಸ್ಟೀರಾಯ್ಡ್. ಕೋವಿಡ್ ಕಾಲದಲ್ಲಿ, 2020–21ರಲ್ಲಿ, ಪ್ರಾಣ ಉಳಿಸಲು ಸ್ಟೀರಾಯ್ಡ್ ಪಡೆದ ಕೆಲವರಲ್ಲಿಯೂ ಆಮೇಲೆ ಇದು ಕಂಡುಬಂದಿದೆ. ಸಂತೆಯಲ್ಲಿ ಕೀಲುನೋವಿಗೆಂದು ಮಾರುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ತಿಂದ ಎರಡೇ ದಿನಕ್ಕೆ ನೋವು ಮಾಯವಾಗಿ, ಮುಖ ಗುಂಡಗೆ ಊದಿದರೆ ಸಂಶಯ ಪಡಿ. ಈ ಕಾಯಿಲೆ ಬೇಗ ತಿಳಿದರೆ ಗುಂಡು ಕುಸಿಯುವ ಮೊದಲೇ ಮೂಳೆಯ ಒಳಗೆ ರಂಧ್ರ ಕೊರೆದು ಉಳಿಸಲು ಯತ್ನಿಸಬಹುದು. ಗುಂಡು ಕುಸಿದರೂ ಬಟ್ಟಲು ಚೆನ್ನಾಗಿರುವ ಹಂತದಲ್ಲಿ ಬೈಪೋಲಾರ್ ಹಾಕುವ ರೂಢಿ ಹಿಂದೆ ಇತ್ತು. ಎಳೆಯ ವಯಸ್ಸಿನವರು ಹೆಚ್ಚು ನಡೆಯುತ್ತಾರೆ, ಬಟ್ಟಲು ಬೇಗ ಸವೆಯುತ್ತದೆ. ಈಗ ಹೆಚ್ಚಿನವರು ಪೂರ್ಣ ಕೀಲಿಗೇ ಒಲವು ತೋರುತ್ತಾರೆ.

ಮೊಳಕಾಲ್ಮೂರಿನ ನೇಕಾರ ಬಂಧುಗಳಿಗೆ ಒಂದು ಮಾತು. ಗುಳಿ ಮಗ್ಗದಲ್ಲಿ ದಿನಕ್ಕೆ ಎಂಟು ಹತ್ತು ಗಂಟೆ ಸೊಂಟ ಬಗ್ಗಿಸಿ ಕುಳಿತು ಕಾಲು ತುಳಿಯುವವರಿಗೆ ಸೊಂಟ ಬಿಗಿಯುವುದು ಸಹಜ. ಎಲ್ಲ ಬಿಗಿತವೂ ಸವೆತವಲ್ಲ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು, ಮಗುಚಿ ಮಲಗಿ ಕಾಲನ್ನು ಹಿಂದಕ್ಕೆ ಎತ್ತುವ ವ್ಯಾಯಾಮ ಮಾಡಿ ನೋಡಿ. ಆರು ವಾರದಲ್ಲಿ ಸುಧಾರಿಸದಿದ್ದರೆ ಬನ್ನಿ.

ಪೂರ್ಣ ಕೀಲು ಎಷ್ಟು ವರ್ಷ?

ಆಸ್ಟ್ರೇಲಿಯಾ, ಫಿನ್ಲೆಂಡ್ ದೇಶಗಳಲ್ಲಿ ಪ್ರತಿ ಕೀಲಿನ ಲೆಕ್ಕವನ್ನೂ ದಾಖಲೆಯಲ್ಲಿ ಇಡುತ್ತಾರೆ. ಆ ದಾಖಲೆಗಳನ್ನು ಕೂಡಿಸಿ 2019ರಲ್ಲಿ ಪ್ರಕಟವಾದ ಲೆಕ್ಕದಂತೆ, ಹಾಕಿದ ನೂರು ಪೂರ್ಣ ಕೀಲುಗಳಲ್ಲಿ 15 ವರ್ಷಕ್ಕೆ ಸುಮಾರು 89, 20 ವರ್ಷಕ್ಕೆ ಸುಮಾರು 70, 25 ವರ್ಷಕ್ಕೆ ಸುಮಾರು 58 ಬದಲಾಗದೆ ಉಳಿದಿದ್ದವು. ಇವು ಬಹಳ ಹಿಂದೆ ಹಾಕಿದ ಕೀಲುಗಳು. ಈಗಿನ ಪ್ಲಾಸ್ಟಿಕ್ ಬಟ್ಟಲು ಅವಕ್ಕಿಂತ ನಿಧಾನವಾಗಿ ಸವೆಯುತ್ತದೆ. ಆದರೆ ಆ ದೇಶದವರು ಕುರ್ಚಿಯ ಮೇಲೆ ಕೂರುವವರು ಎಂಬುದೂ ನೆನಪಿರಲಿ. ನಾವು ನೆಲದ ಮೇಲೆ ಕೂತು, ಕುಕ್ಕರಗಾಲಲ್ಲಿ ಕೆಲಸ ಮಾಡುವವರು.

ಗುಂಡನ್ನು ಪೂರ್ತಿ ತೆಗೆಯದೆ ಅದರ ಮೇಲೆ ಲೋಹದ ಟೋಪಿ ಹಾಕುವ ವಿಧಾನವೂ ಒಂದಿದೆ. ಕೆಲವರು ಅದನ್ನೂ ‘ಅರ್ಧ ಬದಲಾವಣೆ’ ಎಂದು ತಿಳಿದಿದ್ದಾರೆ. ಅದರಲ್ಲಿ ಬಟ್ಟಲಿಗೂ ಲೋಹ ಬೀಳುತ್ತದೆ, ಹಾಗಾಗಿ ಅದು ಅರ್ಧವಲ್ಲ. ಲೋಹಕ್ಕೆ ಲೋಹ ಉಜ್ಜುವ ಈ ಬಗೆಯ ಕೆಲವು ಕೀಲುಗಳು ನಿರೀಕ್ಷೆಗಿಂತ ಬೇಗ ಕೆಟ್ಟವು. ಡೆಪ್ಯೂ ಕಂಪನಿಯ ‘ಎ.ಎಸ್.ಆರ್.’ ಎಂಬ ಕೀಲನ್ನು 2010ರಲ್ಲಿ ಪ್ರಪಂಚದಾದ್ಯಂತ ವಾಪಸು ಪಡೆಯಲಾಯಿತು. ಭಾರತದಲ್ಲಿಯೂ ಸಾವಿರಾರು ಜನರಿಗೆ ಅದನ್ನು ಹಾಕಲಾಗಿತ್ತು. ತಮಗೆ ಹಾಕಿರುವುದು ಯಾವ ಕೀಲು ಎಂದು ತಿಳಿಯದೆ ಇದ್ದವರನ್ನು ಹುಡುಕುವುದೇ ದೊಡ್ಡ ಕೆಲಸವಾಯಿತು. ಲೋಹದ ಡಬ್ಬಿಯ ಮೇಲೆ ಅಂಟಿಸಿರುವ ಚೀಟಿಯನ್ನು ಡಿಸ್ಚಾರ್ಜ್ ಕಾರ್ಡಿಗೆ ಹಚ್ಚಿಸಿಕೊಳ್ಳಿ ಎಂದು ಹೇಳುವುದು ಈ ಕಾರಣಕ್ಕೆ.

ಮನೆಗೆ ಹೋದ ಮೇಲೆ

ಅರ್ಧವಿರಲಿ ಪೂರ್ಣವಿರಲಿ, ಮೊದಲ ಮೂರು ತಿಂಗಳು ಮೂರು ಎಚ್ಚರ: ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು, ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು. ಮಲಗುವಾಗ ಎರಡು ಕಾಲಿನ ನಡುವೆ ದಿಂಬು. ಆಮೇಲೆ ನಿಮಗೆ ಯಾವ ಕಡೆಯಿಂದ ಆಪರೇಷನ್ ಆಗಿದೆ ಎಂಬುದರ ಮೇಲೆ ವೈದ್ಯರು ಸಡಿಲಿಕೆ ಕೊಡುತ್ತಾರೆ. ಕುಕ್ಕರಗಾಲಲ್ಲಿ ಕೂರುವುದನ್ನು ಮಾತ್ರ ಮುಂದೆಯೂ ಬಿಡುವುದೇ ಒಳ್ಳೆಯದು. ಹಳ್ಳಿಮನೆಯ ಪಾಯಿಖಾನೆಯ ಮೇಲೆ ಇಡಬಹುದಾದ, ನಡುವೆ ತೂತಿರುವ ಪ್ಲಾಸ್ಟಿಕ್ ಅಥವಾ ಕಬ್ಬಿಣದ ಕುರ್ಚಿ ಸಿಗುತ್ತದೆ. ರೋಗಿ ಮನೆಗೆ ಬರುವ ಮೊದಲೇ ಅದನ್ನು ತಂದಿಡಿ.

“ಪೂಜೆಗೆ ಪದ್ಮಾಸನದಲ್ಲಿ ಕೂರಬೇಕಲ್ಲ?” ಎಂದು ಅನೇಕ ತಾಯಂದಿರು ಕೇಳುತ್ತಾರೆ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಮಾಡುವ ಪೂಜೆಗೆ ಗಟ್ಟಿ ಕುರ್ಚಿಯ ಮೇಲೆ ನೆಟ್ಟಗೆ ಕುಳಿತರೂ ಆಗುತ್ತದೆ. ಎದುರಿಗೆ ಎತ್ತರದ ಮಣೆಯೋ ಮೇಜೋ ಇಟ್ಟುಕೊಳ್ಳಿ. ದಾಸೋಹದ ಪಂಕ್ತಿಯಲ್ಲಿ ನೆಲಕ್ಕೆ ಕೂರಲು ಒತ್ತಾಯಿಸಬೇಡಿ, ಬೆಂಚು ಕೇಳಿ. ನಾಯಕನಹಟ್ಟಿ ತೇರಿಗೆ ನಡೆದು ಹೋಗಬಹುದೇ ಎಂದು ಕೇಳುವವರಿಗೆ: ಆರು ತಿಂಗಳು ಕಳೆದು, ನೋವಿಲ್ಲದೆ ಎರಡು ಕಿಲೋಮೀಟರ್ ನಡೆಯುತ್ತಿದ್ದರೆ ಊರುಗೋಲು ಹಿಡಿದು ಹೋಗಿ, ನೂಕುನುಗ್ಗಲಿನೊಳಗೆ ಹೋಗಬೇಡಿ.

ಒಂದು ಸೊಂಟ ಮುರಿದವರಿಗೆ ಇನ್ನೊಂದೂ ಮುರಿಯುವ ಸಂಭವ ಹೆಚ್ಚು. ಗುಂಡು ಹಾಕಿದ್ದರಿಂದ ಮೂಳೆಯ ಟೊಳ್ಳು ಹೋಗುವುದಿಲ್ಲ. ಕ್ಯಾಲ್ಸಿಯಂ, ವಿಟಮಿನ್ ಡಿ ಮತ್ತು ಮೂಳೆ ಗಟ್ಟಿಯಾಗುವ ಔಷಧಿ ಬೇಕಾಗುತ್ತದೆ. ವರ್ಷಕ್ಕೊಮ್ಮೆ ಕೊಡುವ ಇಂಜೆಕ್ಷನ್ನೂ ಇದೆ. ಇದನ್ನು ಬರೆದುಕೊಟ್ಟಿಲ್ಲವಾದರೆ ನೀವಾಗಿಯೇ ಕೇಳಿ. ನಮ್ಮ ರಾಗಿ ಇಲ್ಲಿ ದೊಡ್ಡ ಸಹಾಯ: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಮಕ್ಕಳು ಪಟ್ಟಣ ಸೇರಿದ ಮೇಲೆ ಅಜ್ಜಿಗೂ ಅನ್ನವೇ ರೂಢಿಯಾಗಿರುವ ಮನೆಗಳು ಮುದ್ದೆಗೆ ಮರಳಲಿ. ಬಚ್ಚಲಿಗೆ ಒರಟು ಕಲ್ಲು ಹಾಸಿ, ಗೋಡೆಗೆ ಹಿಡಿ ಹಾಕಿಸಿ, ರಾತ್ರಿ ಒಂದು ಸಣ್ಣ ಬಲ್ಬು ಉರಿಯಲಿ. ಅಂಗಳದಲ್ಲಿ ಕಟ್ಟಿದ ದನದ ಹಗ್ಗ, ಬಾಗಿಲಲ್ಲಿ ಮಲಗುವ ನಾಯಿ ಇವುಗಳಿಂದ ಬಿದ್ದವರು ಕಡಿಮೆಯಿಲ್ಲ.

ಖರ್ಚಿನ ಬಗ್ಗೆ: 2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಸಹಕಾರ ಸಂಘದ ಸದಸ್ಯರಿಗೆ ‘ಯಶಸ್ವಿನಿ’ ಇದೆ. ಅದು 2018ರಲ್ಲಿ ನಿಂತು 2022–23ರಲ್ಲಿ ಮತ್ತೆ ಆರಂಭವಾಯಿತು. ನಿಮಗೆ ಹೇಳಿರುವ ಆಪರೇಷನ್ ಯಾವ ಯೋಜನೆಯಲ್ಲಿ, ಯಾವ ಆಸ್ಪತ್ರೆಯಲ್ಲಿ ಆಗುತ್ತದೆ, ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕೇ ಎಂಬುದನ್ನು ದಾಖಲಾಗುವ ಮೊದಲೇ ಕೌಂಟರಿನಲ್ಲಿ ವಿಚಾರಿಸಿ. ಬೆಂಗಳೂರಿನ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಸಂಸ್ಥೆ ಸರ್ಕಾರದ್ದು. ಕ್ಲಿಷ್ಟವಾದ ಎರಡನೆಯ ಆಪರೇಷನ್‌ಗಳಿಗೆ ಅಂಥ ಕಡೆ ಕಳುಹಿಸಬೇಕಾಗಬಹುದು. ಕೀಲುಸವೆತದ ಆಪರೇಷನ್ ಆತುರದ್ದಲ್ಲ. ಕಾರ್ಡು, ಚೀಟಿ, ರಕ್ತ ಕೊಡುವವರು, ಮನೆಯಲ್ಲಿ ನೋಡಿಕೊಳ್ಳುವವರು ಎಲ್ಲ ಸಿದ್ಧವಾದ ಮೇಲೆ, ಕಡಲೆಕಾಯಿ ಸುಗ್ಗಿ ಮುಗಿಸಿಯೇ ಬರಬಹುದು. ಮುರಿತದ ಆಪರೇಷನ್‌ಗೆ ಮಾತ್ರ ಈ ಬಿಡುವಿಲ್ಲ.

ಗುಂಡು ಹಾಕಿಸಿಕೊಂಡವರು ಆರು ವಾರ, ಆರು ತಿಂಗಳು, ಒಂದು ವರ್ಷಕ್ಕೆ ತೋರಿಸಿಕೊಂಡು, ಆಮೇಲೆ ನೋವಿಲ್ಲದಿದ್ದರೂ ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಬೇಕು. ಬಟ್ಟಲಿನ ಸವೆತ ನೋವಿಗಿಂತ ಮೊದಲು ಎಕ್ಸ್‌ರೇಯಲ್ಲಿ ಕಾಣುವುದುಂಟು. ಹಳೆಯ ಫಿಲ್ಮಿನ ಪಕ್ಕದಲ್ಲಿ ಹೊಸದನ್ನು ಇಟ್ಟರೆ ಮಾತ್ರ ಗುಂಡು ಎಷ್ಟು ಸರಿದಿದೆ ಎಂದು ಅಳೆಯಲು ಸಾಧ್ಯ. ಆದ್ದರಿಂದ ಹಳೆಯ ಎಕ್ಸ್‌ರೇಗಳನ್ನು ಮಡಚದೆ, ಅಟ್ಟದ ಮೇಲೆ ಎಸೆಯದೆ, ಡಿಸ್ಚಾರ್ಜ್ ಕಾರ್ಡಿನ ಜೊತೆ ಒಂದೇ ಚೀಲದಲ್ಲಿಟ್ಟು ಬರುವಾಗಲೆಲ್ಲ ತನ್ನಿ.